ಕುದುರೆ ಸವಾರನ ಹೇಳಿಕೆ ಎಲ್ಲಿ?

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರಿಗಿರುವ ಕಲ್ಲುಕಂಬವನ್ನು ಇತಿಹಾಸದ ಮೇಷ್ಟ್ರುಗಳು ಕದಂಬರ ವಂಶಾವಳಿಗಾಗಿ ಓದಿಸುತ್ತಾರೆ. ಪೊಲೀಸ್ ಪರೀಕ್ಷೆಗೆ ಕೂತ ಹುಡುಗರು ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ: ರಚಿಸಿದವನು ಕವಿ ಕುಬ್ಜ, ಕಾಲ ಶಾಂತಿವರ್ಮನದು, ಭಾಷೆ ಸಂಸ್ಕೃತ, ಸುಮಾರು ಕ್ರಿ.ಶ. 450. ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಆ ಕಂಬದ ಉದ್ದಕ್ಕೆ ಸಾಗುವ ಅಕ್ಷರಗಳಲ್ಲಿ ಒಂದು ಪ್ರಕರಣವೂ ಇದೆ. ಈ ನೆಲದ ಹುಡುಗ ಮಯೂರಶರ್ಮ ಗುರು ವೀರಶರ್ಮನ ಜೊತೆ ಉನ್ನತ ವಿದ್ಯೆಗೆಂದು ಪಲ್ಲವರ ರಾಜಧಾನಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ತೀವ್ರವಾದ ಜಗಳವಾಯಿತು. ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈ ಕತ್ತಿ ಹಿಡಿಯಿತು. ಗಡಿ ಕಾಯುವ ಪಲ್ಲವ ಅಧಿಕಾರಿಗಳನ್ನು ಸೋಲಿಸಿದ, ಶ್ರೀಪರ್ವತದ ಕಾಡು ಸೇರಿದ, ಕೊನೆಗೆ ಪಲ್ಲವರೇ ರಾಜಿಗೆ ಬಂದರು. ಒಂದು ರಾಜ್ಯ ಹುಟ್ಟಿತು.

ಕನ್ನಡ ನಾಡಿನ ಮೊದಲ ಅರಸುಮನೆಯ ಕತೆಯಾಗಿ ಇದು ನಮಗೆಲ್ಲ ಪ್ರಿಯ. ಕಾಲೇಜಿನ ತರಗತಿಯೊಂದರಲ್ಲಿ ಇದನ್ನೇ ಒಂದು ಸಾಕ್ಷಿ ಹೇಳಿಕೆ ಎಂದು ಓದಿಸಿದರೆ ಏನಾಗುತ್ತದೆ ನೋಡಿ. ಹೇಳುತ್ತಿರುವವರು ಯಾರು? ನೊಂದವನ ವಂಶದವರು. ಯಾವಾಗ? ಘಟನೆ ನಡೆದು ಹತ್ತಿರ ನೂರು ವರ್ಷಕ್ಕೆ. ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ? ಇಲ್ಲ. ಜಗಳ ಯಾತಕ್ಕೆ ಆಯಿತು? ಶಾಸನ ಬಾಯಿ ಬಿಡುವುದಿಲ್ಲ, ಆ ಸಾಲನ್ನು ಹೇಗೆ ಅರ್ಥೈಸಬೇಕೆಂಬುದರಲ್ಲಿ ವಿದ್ವಾಂಸರಿಗೂ ಒಮ್ಮತವಿಲ್ಲ. ಮಯೂರಶರ್ಮ ಯಾರ ಬಳಿಯಾದರೂ ದೂರು ಹೇಳಿಕೊಂಡನೇ? ಆ ಪ್ರಸ್ತಾಪವೇ ಇಲ್ಲ. ಇನ್ನು ಆ ಕುದುರೆ ಸವಾರ? ಅವನ ಹೆಸರು, ಅವನ ಹೇಳಿಕೆ ಯಾವುದೂ ನಮಗೆ ಸಿಕ್ಕಿಲ್ಲ. ಗೆದ್ದವರ ಕಡೆಯ ದಾಖಲೆ ಮಾತ್ರ ಉಳಿದಿದೆ.

ಇಷ್ಟು ಕೇಳಿದ್ದಕ್ಕೆ ಮಯೂರನ ಮೇಲಿನ ಅಭಿಮಾನಕ್ಕೆ ಕುಂದೇನೂ ಬರುವುದಿಲ್ಲ. ಆದರೆ ಹೀಗೆ ಕೇಳುವುದನ್ನು ಕಲಿತ ಹುಡುಗಿ, ಮುಂದೆ ಠಾಣೆಯ ಮೆಟ್ಟಿಲ ಮೇಲೆ ನಿಂತವರ ಮಾತನ್ನೂ ಅಷ್ಟೇ ಎಚ್ಚರದಿಂದ ಕೇಳುತ್ತಾಳೆ. ಪದವಿ ಹಂತದಲ್ಲಿ ಅಪರಾಧ ನ್ಯಾಯ ಕಲಿಸುವುದೆಂದರೆ ಮೊಟ್ಟಮೊದಲು ಇದೇ: ಆರೋಪವನ್ನು ಆರೋಪ ಎಂದು, ಪುರಾವೆಯನ್ನು ಪುರಾವೆ ಎಂದು ಬೇರೆ ಬೇರೆಯಾಗಿ ಕಾಣುವ ಅಭ್ಯಾಸ.

ಈ ವಿಷಯದ ಬಗ್ಗೆ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಅಪರಾಧಶಾಸ್ತ್ರ ಎಂದರೆ ಪೊಲೀಸ್ ಆಗುವ ಕೋರ್ಸ್ ಎಂದು ಮನೆಯವರು ತಿಳಿದುಕೊಳ್ಳುತ್ತಾರೆ, ಟಿ.ವಿ. ಧಾರಾವಾಹಿಯ ಪತ್ತೇದಾರಿಕೆ ಎಂದು ಮಕ್ಕಳು ತಿಳಿದುಕೊಳ್ಳುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಜನ ಯಾಕೆ ಅಪರಾಧ ಮಾಡುತ್ತಾರೆ ಎಂದು ಹುಡುಕುವುದು ಅಪರಾಧಶಾಸ್ತ್ರ. ರಕ್ತ, ಬೆರಳಚ್ಚು, ಗುಂಡು, ಮೊಬೈಲು ಏನು ಹೇಳುತ್ತವೆ ಎಂದು ಪರೀಕ್ಷಿಸುವುದು ವಿಧಿವಿಜ್ಞಾನ. ದೂರು ಕೊಟ್ಟ ಗಳಿಗೆಯಿಂದ ಹಿಡಿದು ಕೈದಿ ಜೈಲಿನಿಂದ ಹೊರಬಂದು ಮತ್ತೆ ಊರು ಸೇರುವವರೆಗೆ ಪೊಲೀಸು, ಸರ್ಕಾರಿ ಅಭಿಯೋಜಕರು, ನ್ಯಾಯಾಲಯ, ಕಾರಾಗೃಹ ಹೇಗೆ ಒಂದಕ್ಕೊಂದು ಕೊಂಡಿಯಾಗಿ ಕೆಲಸ ಮಾಡುತ್ತವೆ, ಎಲ್ಲಿ ಕೊಂಡಿ ಕಳಚುತ್ತದೆ ಎಂದು ನೋಡುವುದು ಅಪರಾಧ ನ್ಯಾಯದ ಅಧ್ಯಯನ. ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಅಧಿಕಾರ ರಾಜ್ಯಕ್ಕಿದೆ. ಆ ಅಧಿಕಾರ ಹೇಗೆ ಚಲಾವಣೆಯಾಗುತ್ತದೆ ಎಂಬುದನ್ನು ಸಾಮಾನ್ಯ ಪದವೀಧರ ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿದ್ಯಾಸಂಸ್ಥೆಗೂ ಠಾಣೆಗೂ ನಂಟು ಬೆಳೆದದ್ದು ಈಚೆಗೆ. ಅಮೆರಿಕದ ಬರ್ಕ್ಲಿಯ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್ 1916ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಶುರುಮಾಡಿಸಿದ. ಪೊಲೀಸನಿಗೆ ಲಾಠಿಗಿಂತ ಮೊದಲು ಓದು ಬೇಕು ಎಂದು ಹೇಳುವುದು ಆಗ ವಿಚಿತ್ರವಾಗಿತ್ತು. ಅದಕ್ಕಿಂತ ಮೊದಲೇ, 1897ರಲ್ಲಿ, ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಹುಟ್ಟಿತ್ತು. ಜಗತ್ತಿಗೇ ಅದು ಮೊದಲನೆಯದು. ಲಕ್ಷಗಟ್ಟಲೆ ಬೆರಳಚ್ಚುಗಳಲ್ಲಿ ಬೇಕಾದ್ದನ್ನು ಹುಡುಕಲು ವರ್ಗೀಕರಣದ ದಾರಿ ಕಂಡುಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ಸಿಬ್ಬಂದಿ. ಹೆಸರು ಮಾತ್ರ ಮೇಲಧಿಕಾರಿ ಹೆನ್ರಿಯದಾಯಿತು. ಹಕ್ ಕಾಲೇಜಿನಲ್ಲಿ ಗಣಿತ ಓದಿದವರು. ಆ ಗಣಿತವೇ ಠಾಣೆಯ ಕಪಾಟಿನೊಳಗೆ ಕೆಲಸ ಮಾಡಿತು. ನಮ್ಮ ಪಿಯುಸಿ ಮಕ್ಕಳಿಗೆ ಹೇಳಲೇಬೇಕಾದ ಸಂಗತಿ ಇದು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಸೀಮೆಯೇ ಇದೆ. ತಾಳಗುಂದ ಹಳೆಯ ಅಗ್ರಹಾರ. ಪಕ್ಕದ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಅಲ್ಲಿ ಕಲಿಸುತ್ತಿದ್ದ ವಿಷಯಗಳನ್ನು ಹೆಸರಿಸುತ್ತದೆ: ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಪುರಾಣ, ಕಾವ್ಯ, ನಾಟಕ, ಜೊತೆಗೆ ಧರ್ಮಶಾಸ್ತ್ರ. ಅಂದಿನ ಕಾನೂನು ಓದು ಆ ಧರ್ಮಶಾಸ್ತ್ರದೊಳಗೇ ಇತ್ತು. ಅದಕ್ಕೂ ಸ್ವಲ್ಪ ಮೊದಲು ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದಿದ್ದ. ಆಸ್ತಿ ಪಾಲಿನ ವಿಷಯಕ್ಕೆ ಮಿತಾಕ್ಷರದ ಹೆಸರು ಕೇಳಿದವರು ಅದರ ವ್ಯವಹಾರ ಭಾಗದಲ್ಲಿ ಬರಹ, ಅನುಭೋಗ, ಸಾಕ್ಷಿ ಎಂಬ ಪುರಾವೆಗಳ ಚರ್ಚೆ, ಕಳ್ಳತನ, ಹೊಡೆದಾಟ, ಬೈಗುಳದ ವಿಚಾರ ಎಲ್ಲ ಇರುವುದನ್ನು ಮರೆಯುತ್ತಾರೆ. ಅದೇ ಹೊತ್ತಿಗೆ ಆ ಶಾಸ್ತ್ರಗಳಲ್ಲಿ ಶಿಕ್ಷೆ ಜಾತಿ ನೋಡಿ ಏರುತ್ತಿತ್ತು, ಇಳಿಯುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು. ಶಿಕಾರಿಪುರ, ಸೊರಬದ ಹೊಲದಂಚಿನಲ್ಲಿ, ಕೆರೆ ಏರಿಯ ಮೇಲೆ ನಿಂತ ವೀರಗಲ್ಲುಗಳಲ್ಲಿ ದನ ಹೊಡೆದುಕೊಂಡು ಹೋದವರ, ತಡೆಯಲು ಹೋಗಿ ಸತ್ತವರ ಕತೆಗಳಿವೆ. ಸತ್ತವನಿಗೆ ಸ್ವರ್ಗ ಸಿಕ್ಕಿತು; ದನ ಹೊಡೆದವನ ವಿಚಾರಣೆಯ ಸುದ್ದಿ ಕಲ್ಲಿನ ಮೇಲೆ ಇರುವುದಿಲ್ಲ.

ಆದರೆ ನಮ್ಮ ತಾಲ್ಲೂಕಿನ ಮಕ್ಕಳು ಒಂದೇ ಒಂದು ಪ್ರಕರಣ ಓದಬೇಕು ಎಂದರೆ ನಾನು ಈಸೂರನ್ನು ಹೇಳುತ್ತೇನೆ. 1942ರ ಸೆಪ್ಟೆಂಬರ್. ಕ್ವಿಟ್ ಇಂಡಿಯಾ ಚಳವಳಿಯ ಕಾವು. ಈಸೂರಿನ ಜನ ತಮ್ಮದೇ ಸರ್ಕಾರ ಘೋಷಿಸಿದರು, ವೀರಭದ್ರೇಶ್ವರ ದೇವಸ್ಥಾನದ ಮೇಲೆ ಧ್ವಜ ಏರಿಸಿದರು. ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿದರು. ಚಿಕ್ಕ ಮಕ್ಕಳನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಹಿರಿಯರದಾಗಿತ್ತು ಎಂದು ಇಂದಿಗೂ ಹೇಳುತ್ತಾರೆ. ಓದುಬರಹ ಕಡಿಮೆ ಇದ್ದ ಹಳ್ಳಿಯೊಂದು ಬಾಲಾಪರಾಧದ ಕಾನೂನಿನ ತಿರುಳನ್ನು ತನ್ನಷ್ಟಕ್ಕೆ ಹಿಡಿದಿತ್ತು. ಸೆಪ್ಟೆಂಬರ್ 28ರಂದು ಊರಿಗೆ ಬಂದ ಸರ್ಕಾರಿ ಅಧಿಕಾರಿಗಳಿಗೂ ಜನರಿಗೂ ಸಂಘರ್ಷವಾಗಿ ಸರ್ಕಾರದ ಕಡೆಯ ಅಮಲ್ದಾರರು ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಆಮೇಲೆ ಪೊಲೀಸರು, ಸೈನಿಕರು ಊರಿಗೆ ನುಗ್ಗಿದರು. ಜನ ಮನೆ ಬಿಟ್ಟು ಕಾಡು ಸೇರಿದರು. ವಿಚಾರಣೆ ನಡೆಯಿತು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಣ್ಣುಮಕ್ಕಳಿಗೆ ಜೀವಾವಧಿ.

ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ಗೆ ಎಷ್ಟು ತಿಂಗಳು? ಆರು ತಿಂಗಳೂ ತುಂಬಲಿಲ್ಲ. ಬಂಧನ, ವಿಚಾರಣೆ, ತೀರ್ಪು, ನೇಣು ಎಲ್ಲ ಅಷ್ಟರೊಳಗೆ ಮುಗಿಯಿತು. ಇವತ್ತು ನಾವು ಕೋರ್ಟಿನ ವಾಯ್ದೆಗಳಿಂದ ಬೇಸತ್ತು, ಬೇಗ ತೀರ್ಪು ಕೊಟ್ಟರೆ ಸಾಕು ಎನ್ನುತ್ತೇವೆ. ತೀರಾ ಬೇಗ ಬಂದ ತೀರ್ಪಿನ ಮುಖ ಹೇಗಿರುತ್ತದೆ ಎಂದು ಈಸೂರು ತೋರಿಸುತ್ತದೆ. ತರಗತಿಯಲ್ಲಿ ಕೂತ ವಿದ್ಯಾರ್ಥಿ ಇಲ್ಲಿ ಹತ್ತು ಪ್ರಶ್ನೆ ಎತ್ತಬಹುದು. ನೂರಾರು ಜನರ ಗುಂಪಿನಲ್ಲಿ ಏಟು ಹಾಕಿದವರು ಯಾರು ಎಂದು ಹೇಗೆ ಗೊತ್ತುಮಾಡಿದರು? ಗುಂಪಿನಲ್ಲಿ ಇದ್ದವರೆಲ್ಲ ಹೊಣೆಯೇ? ಇಂದಿನ ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಂ ಇದೇ ಪ್ರಶ್ನೆಯ ಸುತ್ತ ಸುತ್ತುತ್ತದೆ. ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಅಪರಾಧ ಮಾಡಿದರೆ ಆ ಕೂಟದ ಪ್ರತಿಯೊಬ್ಬ ಸದಸ್ಯನೂ ಅದರ ಪಾಲುದಾರ. ಹಳೆಯ ದಂಡ ಸಂಹಿತೆಯಲ್ಲಿ ಇದು 149ನೇ ಕಲಂ ಆಗಿತ್ತು. ಜಾತ್ರೆಯ ಗಲಾಟೆ, ಗಣೇಶನ ಮೆರವಣಿಗೆಯ ಕಲ್ಲುತೂರಾಟ, ಹೊಲದ ಬದುವಿನ ಮೇಲೆ ಎರಡು ಮನೆಯವರ ಬಡಿದಾಟ, ಇವುಗಳಲ್ಲಿ ಸುಮ್ಮನೆ ನಿಂತು ನೋಡಿದ ಹುಡುಗನ ಹೆಸರೂ ಎಫ್‌ಐಆರ್ ಸೇರಿಬಿಟ್ಟರೆ ಅವನು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಆ ಪ್ರಕರಣಕ್ಕೆ ಉತ್ತರ ಹೇಳಬೇಕು. ಸತ್ತ ಇಬ್ಬರು ಅಧಿಕಾರಿಗಳ ಮನೆಯವರ ನೋವನ್ನೂ ಇದೇ ಪಾಠದಲ್ಲಿ ಹೇಳಬೇಕು. ಅಪರಾಧ ನ್ಯಾಯದ ತರಗತಿಯಲ್ಲಿ ಒಬ್ಬರ ಕಣ್ಣೀರಿಗೆ ಮಾತ್ರ ಜಾಗ ಎಂಬುದಿಲ್ಲ.

ಇನ್ನು ದಿನನಿತ್ಯದ ಒಂದು ಸಂಗತಿಗೆ ಬರೋಣ. ನಮ್ಮ ಕಡೆ ಅಡಿಕೆ ಕಳವು ಹೊಸದಲ್ಲ. ಅಂಗಳದಲ್ಲಿ ಒಣಗಿಸಿ ಚೀಲ ತುಂಬಿ ಮನೆಯ ಪಕ್ಕದ ಕೊಟ್ಟಿಗೆಯಲ್ಲಿಟ್ಟ ಅಡಿಕೆ ಬೆಳಗಾಗುವಷ್ಟರಲ್ಲಿ ಇಲ್ಲ ಎಂದುಕೊಳ್ಳಿ. ಯಜಮಾನರು ಠಾಣೆಗೆ ಹೋಗುತ್ತಾರೆ. ಇದು ನಮ್ಮ ಸರಹದ್ದಲ್ಲ, ಪಕ್ಕದ ಠಾಣೆಗೆ ಹೋಗಿ ಎಂದರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅದನ್ನೇ ಜನ ಝೀರೋ ಎಫ್‌ಐಆರ್ ಎನ್ನುವುದು. ದೂರುದಾರರಿಗೆ ಪ್ರತಿ ಉಚಿತವಾಗಿ ಕೊಡಬೇಕು.

ಮುಂದಿನದು ಮಹಜರು. ಇಡೀ ಪ್ರಕರಣ ನಿಲ್ಲುವುದೂ ಬೀಳುವುದೂ ಬಹಳ ಸಲ ಇಲ್ಲೇ. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು, ಜಾಗದ ಚೆಕ್ಕುಬಂದಿ ಏನು, ಬೀಗ ಒಡೆದಿದೆಯೇ, ಹೆಂಚು ಸರಿಸಿದ್ದಾರೆಯೇ, ಪಂಚರು ಯಾರು, ಅವರು ನಿಜಕ್ಕೂ ಸ್ಥಳದಲ್ಲಿದ್ದರೇ ಅಥವಾ ಠಾಣೆಯಲ್ಲಿ ಕೂತು ಸಹಿ ಹಾಕಿದರೇ? ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎಂದು ಅದೇ ಸಂಹಿತೆಯ 105ನೇ ಕಲಂ ಹೇಳುತ್ತದೆ. ನಾಲ್ಕು ದಿನಕ್ಕೆ ಒಬ್ಬ ಸಿಕ್ಕಿಬಿದ್ದ, ನಾನೇ ಕದ್ದೆ ಎಂದು ಠಾಣೆಯಲ್ಲಿ ಹೇಳಿದ. ಊರಿನವರ ಮಟ್ಟಿಗೆ ಪ್ರಕರಣ ಮುಗಿಯಿತು. ಕಾನೂನಿನ ಮಟ್ಟಿಗೆ ಇನ್ನೂ ಶುರುವಾಗಿಲ್ಲ, ಯಾಕೆಂದರೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಅವನ ವಿರುದ್ಧ ಪುರಾವೆಯಾಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನು ತಡೆಯುತ್ತದೆ. ಹೊಡೆದು ಒಪ್ಪಿಸುವ ಆಸೆಗೆ ಕಾನೂನು ಹಾಕಿದ ಬೇಲಿ ಅದು. ಅವನು ತೋರಿಸಿದ ಜಾಗದಲ್ಲಿ ಅಡಿಕೆ ಚೀಲ ಸಿಕ್ಕರೆ, ಆ ಪತ್ತೆಗೆ ಕಾರಣವಾದಷ್ಟು ಮಾತು ಮಾತ್ರ ಪುರಾವೆಗೆ ಬರುತ್ತದೆ.

ಇಲ್ಲಿ ಇನ್ನೊಂದು ತೊಡಕು. ಸಿಕ್ಕ ಅಡಿಕೆ ಇವರದ್ದೇ ಎಂದು ಹೇಳುವುದು ಹೇಗೆ? ಒಂದು ಮನೆಯ ರಾಶಿ ಇನ್ನೊಂದು ಮನೆಯ ರಾಶಿಯ ಹಾಗೇ ಇರುತ್ತದೆ. ಅಡಿಕೆಯ ಬಗೆ ಬೆಟ್ಟೆಯೋ, ಗೊರಬಲೋ, ಸರಕೋ, ಎಷ್ಟು ಕೆ.ಜಿ., ಚೀಲದ ಮೇಲೆ ಮಂಡಿಯ ಗುರುತು ಇತ್ತೇ, ಹೊಲಿದ ದಾರ ಯಾವುದು, ಇಂಥ ವಿವರ ದೂರಿನ ಮೊದಲ ಪುಟದಲ್ಲೇ ಇದ್ದರೆ ಮುದ್ದೆಮಾಲು ಗುರುತಿಸುವಾಗ ತೂಕ ಬರುತ್ತದೆ. ಚೀಲ ಸಿಕ್ಕಮೇಲೆ ಸೇರಿಸಿದರೆ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ವಾಸದ ಮನೆಯಿಂದ ಆದ ಕಳವಿಗೆ 7 ವರ್ಷದವರೆಗೆ ಶಿಕ್ಷೆ ಉಂಟು. 7 ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳಿದೆ; ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಅವಕಾಶ ಕೊಟ್ಟಿದೆ. ತಜ್ಞರು ಎಲ್ಲಿಂದ ಬರಬೇಕು? ಕಾಲೇಜುಗಳಿಂದಲೇ. ಒಂದು ಅಡಿಕೆ ಚೀಲದ ಹಿಂದೆ ಹೋದರೆ ಇಡೀ ವ್ಯವಸ್ಥೆಯ ಪಾಠವಾಗುತ್ತದೆ.

ಇನ್ನೊಂದು ವಿಷಯವನ್ನು ಮುಜುಗರವಿಲ್ಲದೆ ಹೇಳಬೇಕು. ಪಿಯುಸಿ, ಪದವಿಯ ಮಕ್ಕಳು ಪ್ರೀತಿಸಿ ಮನೆ ಬಿಟ್ಟು ಹೋಗುತ್ತಾರೆ. ಹುಡುಗನಿಗೆ ಹತ್ತೊಂಬತ್ತು, ಹುಡುಗಿಗೆ ಹದಿನೇಳು. ಇಬ್ಬರೂ ಒಪ್ಪಿ ಹೋದದ್ದು ಎಂದು ಅವನು ತಿಳಿದಿರುತ್ತಾನೆ. 18 ತುಂಬದವಳ ಒಪ್ಪಿಗೆಗೆ ಪೋಕ್ಸೋ ಕಾನೂನಿನಲ್ಲಿ ಬೆಲೆಯಿಲ್ಲ. ದೇಹ ಸಂಬಂಧವಾಗಿದ್ದರೆ ಕನಿಷ್ಠ ಶಿಕ್ಷೆ 10 ವರ್ಷ. ಬಾಲ್ಯವಿವಾಹ ಮಾಡಿಸಿದ ಮನೆಯವರೂ ಪುರೋಹಿತರೂ ಪ್ರಕರಣದಲ್ಲಿ ಸಿಕ್ಕಿಕೊಳ್ಳುತ್ತಾರೆ. ಈ ಕಾನೂನಿನ ಬಗ್ಗೆ ಮಕ್ಕಳಿಗೆ ತರಗತಿಯಲ್ಲೇ ತಿಳಿಸಿ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಸರ್ಕಾರಕ್ಕೆ ಹೇಳಿತು. ಯಾವ ವಯಸ್ಸಿನವರಿಗೆ ಈ ಅರಿವು ತುರ್ತಾಗಿ ಬೇಕೋ ಅವರೇ ನಮ್ಮ ಪದವಿ ಕಾಲೇಜಿನ ಬೆಂಚಿನ ಮೇಲೆ ಕೂತಿದ್ದಾರೆ.

ಜೈಲಿನ ವಿಷಯಕ್ಕೆ ಬಂದರೆ ನಮಗೆ ಮಾತೇ ಹೊರಡುವುದಿಲ್ಲ. ಒಳಗಿರುವವರೆಲ್ಲ ಶಿಕ್ಷೆಯಾದವರು ಎಂದುಕೊಂಡಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದಂತೆ ದೇಶದ ಕೈದಿಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು. ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿರುವ ಕೇಂದ್ರ ಕಾರಾಗೃಹದ ಗೋಡೆಯನ್ನು ಹೊರಗಿನಿಂದ ನೋಡುವವರು ಈ ಲೆಕ್ಕವನ್ನು ನೆನಪಿಡಬೇಕು. ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿಲ್ಲದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಮೈಮೇಲೆ ಹಲವು ಪ್ರಕರಣ ಬಾಕಿ ಇರುವವರಿಗೂ ಸಿಗುವುದಿಲ್ಲ. ಅರ್ಜಿ ಹಾಕುವ ಹೊಣೆ ಜೈಲಿನ ಅಧೀಕ್ಷಕರದು. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಹಾಗೆಯೇ. ಕಾನೂನು ಪುಸ್ತಕದಲ್ಲಿದೆ. ಜೈಲಿನಲ್ಲಿರುವ ಮಗನ ತಾಯಿಗೆ ಇದನ್ನು ಹೇಳುವವರು ಬೇಕು. ಈ ಪ್ರಾಧಿಕಾರಗಳು ಅರೆಕಾನೂನು ಸ್ವಯಂಸೇವಕರನ್ನು ತರಬೇತಿ ಕೊಟ್ಟು ತೆಗೆದುಕೊಳ್ಳುತ್ತವೆ. ಪದವಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ತೋಚುವುದಿಲ್ಲ.

ಓದುವುದೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ನಮ್ಮ ರಾಜ್ಯದಲ್ಲಿ ಹಳೆಯದು. ಮೈಸೂರಿನ ಮಹಾರಾಜ ಕಾಲೇಜು, ಮಂಗಳೂರಿನ ರೋಶನಿ ನಿಲಯ ಈ ವಿಷಯಕ್ಕೆ ಹೆಸರಾದವು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ನಮಗೆ ಹತ್ತಿರದಲ್ಲಿ ಎಂದರೆ ಶಿವಮೊಗ್ಗದಲ್ಲಿ ಗೃಹ ಸಚಿವಾಲಯದ ಅಡಿಯ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಆವರಣ ಬಂದಿದೆ. ಪೊಲೀಸ್ ವಿಜ್ಞಾನ, ಭದ್ರತಾ ನಿರ್ವಹಣೆಯ ಕೋರ್ಸ್‌ಗಳು ಅಲ್ಲಿನವು. ವಕೀಲಿ ಕಡೆ ಮನಸ್ಸಿದ್ದರೆ ಶಿವಮೊಗ್ಗದ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜಿದೆ.

ಕೆಲಸದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು. ಪಿಎಸ್‌ಐ ಹುದ್ದೆಗೆ ಯಾವ ಪದವಿಯಾದರೂ ನಡೆಯುತ್ತದೆ. ಅಪರಾಧಶಾಸ್ತ್ರ ಓದಿದ್ದಕ್ಕೇ ಆಯ್ಕೆಯಾಗುವುದಿಲ್ಲ. ಓಟ ಓಡಬೇಕು, ಲಿಖಿತ ಪರೀಕ್ಷೆ ಪಾಸಾಗಬೇಕು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕೆಂದರೆ ಪಿಯುಸಿಯಲ್ಲಿ ವಿಜ್ಞಾನ ಬಿಟ್ಟವರಿಗೆ ದಾರಿ ಬಹಳ ಕಿರಿದು. ಸರ್ಕಾರಿ ಅಭಿಯೋಜಕರಾಗಲು ಕಾನೂನು ಪದವಿಯೂ ವಕೀಲಿಯ ಅನುಭವವೂ ಬೇಕು. ಮಕ್ಕಳ ರಕ್ಷಣಾ ಘಟಕ, ಪರಿವೀಕ್ಷಣಾಧಿಕಾರಿ ಕೆಲಸಗಳಿಗೆ ಸಮಾಜಕಾರ್ಯದ ಓದು ಜೊತೆಗಿದ್ದರೆ ಅನುಕೂಲ. ಇಷ್ಟನ್ನೂ ಹೇಳದೆ, ಕೋರ್ಸ್ ಮುಗಿದ ಕೂಡಲೇ ಖಾಕಿ ಸಿಗುತ್ತದೆ ಎಂದು ಆಸೆ ತೋರಿಸುವ ಕರಪತ್ರಗಳನ್ನು ನಂಬಬೇಡಿ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆಗೆ 2024ರ ಜನವರಿ ಬರಬೇಕಾಯಿತು. ಆ ನಡುವೆ ಪ್ರಾಮಾಣಿಕವಾಗಿ ಓದಿದ ಹಳ್ಳಿ ಹುಡುಗರು ಕಳೆದುಕೊಂಡ ವರ್ಷಗಳು, ದಾಟಿಹೋದ ವಯೋಮಿತಿ ಯಾವ ದೋಷಾರೋಪ ಪಟ್ಟಿಯಲ್ಲೂ ಬರುವುದಿಲ್ಲ. ಆ ಹುಡುಗರ ಪರವಾಗಿ ನನಗೆ ಇಂದಿಗೂ ಸಿಟ್ಟಿದೆ.

ಭಾಷೆಯ ತೊಂದರೆಯೂ ಸಣ್ಣದಲ್ಲ. ನಮ್ಮ ಠಾಣೆಯ ದೂರು ಕನ್ನಡದಲ್ಲಿ, ಮಹಜರು ಕನ್ನಡದಲ್ಲಿ, ಸಾಕ್ಷಿಯ ಹೇಳಿಕೆ ಕನ್ನಡದಲ್ಲಿ. ಪಠ್ಯಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಹುಡುಗಿ ಇಂಗ್ಲಿಷಿನಲ್ಲಿ ಅರೆಬರೆ ಓದಿ, ಪರೀಕ್ಷೆಯಲ್ಲಿ ಕನ್ನಡಕ್ಕೆ ತಂದು ಬರೆಯುತ್ತಾಳೆ. ಠಾಣೆಯಲ್ಲಿ ದಿನವೂ ಬಳಸುವ ಕಸುಬಿನ ಕನ್ನಡ ಸಿದ್ಧವಾಗಿಯೇ ಇದೆ. ನಿವೃತ್ತ ತನಿಖಾಧಿಕಾರಿಗಳು, ಹಿರಿಯ ವಕೀಲರು, ಕೋರ್ಟಿನ ಶಿರಸ್ತೇದಾರರು ಕೂತು ಒಳ್ಳೆಯ ಮಹಜರು, ಕೆಟ್ಟ ಮಹಜರು ಎರಡನ್ನೂ ಪಕ್ಕಪಕ್ಕ ಇಟ್ಟು ವಿವರಿಸಿದರೆ, ಹೆಸರುಗಳನ್ನು ತೆಗೆದು, ಅದೇ ನಮ್ಮ ಮೊದಲ ಪಠ್ಯವಾದೀತು. ಕುವೆಂಪು ಹೆಸರಿನ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇರುವಾಗ ಈ ಕೆಲಸಕ್ಕೆ ಬೇರೆ ಕಡೆ ನೋಡಬೇಕಿಲ್ಲ.

ನನ್ನ ಕೇಳಿಕೆ ದೊಡ್ಡದಲ್ಲ. ಶಿಕಾರಿಪುರ, ಸೊರಬ, ಶಿರಾಳಕೊಪ್ಪದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಜೊತೆ ಅಪರಾಧ ನ್ಯಾಯವೂ ಒಂದು ವಿಷಯವಾಗಲಿ. ಕೊಠಡಿ ಇದೆ. ಪಾಠ ಮಾಡಬಲ್ಲ ವಕೀಲರು ಎರಡೂ ತಾಲ್ಲೂಕಿನ ನ್ಯಾಯಾಲಯಗಳಲ್ಲಿ ಇದ್ದಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಪ್ರತಿ ಸೆಮಿಸ್ಟರ್‌ನಲ್ಲಿ ಒಂದು ದಿನ ಠಾಣೆ, ಒಂದು ದಿನ ಜೈಲು, ಒಂದು ದಿನ ದಾವಣಗೆರೆಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ತೋರಿಸಲಿ. ಅಲ್ಲಿಂದ ಬಂದ ಹುಡುಗರಲ್ಲಿ ಹತ್ತಕ್ಕೆ ಒಬ್ಬರು ಪೊಲೀಸ್ ಆದರೂ ಸಾಕು. ಉಳಿದವರು ಗ್ರಾಮ ಪಂಚಾಯ್ತಿ ಸದಸ್ಯರಾಗುತ್ತಾರೆ, ಶಿಕ್ಷಕರಾಗುತ್ತಾರೆ, ವರದಿಗಾರರಾಗುತ್ತಾರೆ, ತೋಟ ಮಾಡಿಕೊಂಡಿರುತ್ತಾರೆ. ಒಂದಲ್ಲ ಒಂದು ದಿನ ಅವರನ್ನು ಪಂಚರಾಗಿ ಸಹಿ ಹಾಕಲು ಕರೆಯುತ್ತಾರೆ. ಆ ದಿನ ಅವರು ಕಾಗದ ಓದಿ ಸಹಿ ಹಾಕಲಿ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಮ್ಮ ದೇಶದಲ್ಲಿ ಅಪರಾಧ ಪ್ರಕರಣಗಳ ವಿಚಾರಣೆ, ಕಾನೂನು ಬೇರೆ ಹೇಳಿದ ಕೆಲವು ಪ್ರಕರಣಗಳನ್ನು ಬಿಟ್ಟರೆ, ಬಹಿರಂಗ ನ್ಯಾಯಾಲಯದಲ್ಲೇ ನಡೆಯುತ್ತದೆ. ಶಿಕಾರಿಪುರ ಅಥವಾ ಸೊರಬದ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂತು ಕಲಾಪ ನೋಡಬಹುದು. ಅದಕ್ಕೆ ಶುಲ್ಕವಿಲ್ಲ. ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಮೊದಲು ಒಂದು ದಿನ ಅಲ್ಲಿಗೆ ಕಳುಹಿಸಿ.